ನೀರಿನ ಗುತ್ತಿಗೆಯ ಲೆಕ್ಕವನ್ನು ನಾವೂ ಕೇಳಬಹುದು

2022ರ ಫೆಬ್ರವರಿಯಲ್ಲಿ ನಾರಾಯಣಖೇಡದಲ್ಲಿ ಸಂಗಮೇಶ್ವರ ಹಾಗೂ ಬಸವೇಶ್ವರ ಏತ ನೀರಾವರಿ ಯೋಜನೆಗಳಿಗೆ ಶಂಕುಸ್ಥಾಪನೆಯಾಯಿತು. ಅಂದಾಜು ವೆಚ್ಚ 4,427 ಕೋಟಿ ರೂಪಾಯಿ. ಸಿಂಗೂರು ಜಲಾಶಯದ ನೀರನ್ನೆತ್ತಿ ಜಹೀರಾಬಾದ್, ನಾರಾಯಣಖೇಡ, ಅಂದೋಲು ಕ್ಷೇತ್ರಗಳ 3.84 ಲಕ್ಷ ಎಕರೆಗೆ ಹರಿಸುವುದು ಉದ್ದೇಶ. ಮಂಜೀರೆ ಬತ್ತಿದಾಗ ಕಾಳೇಶ್ವರಂ ಯೋಜನೆಯಿಂದ ಗೋದಾವರಿಯ ನೀರು ಸಿಂಗೂರಿಗೆ ಬರುವುದೆಂಬ ಲೆಕ್ಕಾಚಾರವೂ ಇದರ ಹಿಂದಿತ್ತು.

ಆ ಕಾಳೇಶ್ವರಂ ಕಥೆ ನಮಗೆ ಪಾಠವಾಗಬೇಕು. ಸರ್ಕಾರದ ಖಾತರಿಯ ಮೇಲೆ ಪ್ರತ್ಯೇಕ ನಿಗಮವೊಂದು ಬ್ಯಾಂಕುಗಳಿಂದ ಸಾಲ ಪಡೆಯಿತು. ಖಾಸಗಿ ಕಂಪನಿಗಳು ಕಟ್ಟಿದವು. ಕೇಂದ್ರ ಜಲ ಆಯೋಗಕ್ಕೆ ತೋರಿಸಿದ ವೆಚ್ಚ 81,911 ಕೋಟಿ. ಅದು 1,47,427 ಕೋಟಿಯನ್ನು ಮೀರಬಹುದೆಂದು 2024ರಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿ ಹೇಳಿತು. ಅಷ್ಟರಲ್ಲೇ, 2023ರ ಅಕ್ಟೋಬರಿನಲ್ಲಿ, ಮೇಡಿಗಡ್ಡ ಬ್ಯಾರೇಜಿನ ಕಂಬಗಳು ಕುಸಿದಿದ್ದವು. ವೆಚ್ಚ ಏರಿದ ಮಾತ್ರಕ್ಕೆ ಅದು ಲಂಚವಲ್ಲ. ಆದರೆ ಸಾಲ ನಿಗಮದ ಹೆಸರಿನಲ್ಲಿದ್ದರೆ ಅದು ಬಜೆಟ್ಟಿನ ಲೆಕ್ಕದಿಂದ ಹೊರಗುಳಿಯುತ್ತದೆ, ಪ್ರಶ್ನಿಸುವವರು ಕಡಿಮೆಯಾಗುತ್ತಾರೆ.

ಕಲಬುರಗಿಯಲ್ಲಿ ಬೇರೊಂದು ಕ್ರಮ ನಡೆದಿತ್ತು. ವಿಶ್ವಬ್ಯಾಂಕಿನ ಸಾಲದಿಂದ, ಹುಬ್ಬಳ್ಳಿ-ಧಾರವಾಡ ಮತ್ತು ಬೆಳಗಾವಿಗಳ ಜೊತೆಗೆ ಅಲ್ಲಿನ ಆಯ್ದ ವಾರ್ಡುಗಳಲ್ಲಿ ದಿನವಿಡೀ ನೀರು ಕೊಡುವ ಕೆಲಸವನ್ನು 2005ರಲ್ಲಿ ಫ್ರಾನ್ಸಿನ ವಿಯೋಲಿಯಾ ಕಂಪನಿಗೆ ವಹಿಸಲಾಯಿತು. ಅದರ ಸಂಭಾವನೆಯ ಒಂದು ಪಾಲು ನಿಗದಿತ, ಇನ್ನೊಂದು ಪಾಲು ಫಲಿತಾಂಶಕ್ಕೆ ತಕ್ಕಂತೆ. ಇಂಥ ಒಪ್ಪಂದದಲ್ಲಿ ಫಲಿತಾಂಶವನ್ನು ಅಳೆಯುವವರು ಯಾರೆಂಬುದೇ ಮುಖ್ಯ. ಕಂಪನಿಯೇ ಅಳೆದು ಕಂಪನಿಯೇ ಬಿಲ್ಲು ಬರೆದರೆ ಷರತ್ತಿಗೆ ಅರ್ಥವಿಲ್ಲ.

ಮಾಹಿತಿ ಹಕ್ಕು ಕಾಯ್ದೆ, 2005ರ ಪ್ರಕಾರ ಮೂಲ ಅಂದಾಜು, ಪರಿಷ್ಕೃತ ಅಂದಾಜು, ಟೆಂಡರು ಹಾಕಿದವರ ಸಂಖ್ಯೆ, ಅಳತೆ ಪುಸ್ತಕದ ಪ್ರತಿ ಇವನ್ನು ಯಾರೂ ಕೇಳಬಹುದು. ಕಾಮಗಾರಿಯ ಸ್ಥಳವನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ. ಇದು ಹಲವರಿಗೆ ತಿಳಿದಿಲ್ಲ. ವ್ಯಾಪಾರ ರಹಸ್ಯವೆಂದು ಅಧಿಕಾರಿ ನಿರಾಕರಿಸಬಹುದು. ಆದರೆ ವಿಶಾಲ ಸಾರ್ವಜನಿಕ ಹಿತವಿದ್ದರೆ ಅಂಥ ಮಾಹಿತಿಯನ್ನೂ ಕೊಡಬೇಕೆಂದು 8ನೆಯ ಕಲಮು ಹೇಳುತ್ತದೆ.

ನಮ್ಮ ತೊಡಕು ಭಾಷೆಯದು. ಮಾಹಿತಿ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಇಲ್ಲಿ ಕನ್ನಡ ಆ ಪಟ್ಟಿಯಲ್ಲಿಲ್ಲ. ಕನ್ನಡ ಶಾಲೆಯ ಮಕ್ಕಳು ಕಲಿಯುವ ತೆಲುಗು ಈ ಅರ್ಜಿಗೆ ಸಾಕು. ತಂದೆತಾಯಿಯರು ಹೇಳಲಿ, ಮಕ್ಕಳು ಬರೆಯಲಿ. ಬರೆಯಲಾಗದವರ ಮಾತನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಆದರೆ ಕಾಲುವೆ ಬಿರುಕು ಬಿಟ್ಟಿದೆ, ನಲ್ಲಿಗೆ ನೀರು ಬರುತ್ತಿಲ್ಲ ಎಂಬ ಕುಂದುಕೊರತೆಯ ಮನವಿಗೆ ಈ ನಿರ್ಬಂಧವಿಲ್ಲ. ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅದನ್ನು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಮನವಿಯನ್ನು ಕನ್ನಡದಲ್ಲೇ ಬರೆದು ಸ್ವೀಕೃತಿ ಪಡೆಯಿರಿ. ಮಾಹಿತಿ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.