ಕಡಲತೀರದಲ್ಲಿ ತಾರಾದರ್ಶನ

ಬೇಸಗೆಯ ರಜೆಯಲ್ಲಿ ಮಕ್ಕಳೊಡನೆ ಮಲ್ಪೆಯ ಕಡಲತೀರಕ್ಕೆ ಹೋಗುವ ತಾಯ್ತಂದೆಗಳು ಸೂರ್ಯಾಸ್ತವಾದೊಡನೆ ಹಿಂದಿರುಗದಿರಲಿ. ಮೇ ತಿಂಗಳ ನಡುವೆ, ಚಂದ್ರನಿಲ್ಲದ ರಾತ್ರಿ, ಒಂಬತ್ತೂವರೆ ಗಂಟೆಯ ಸುಮಾರಿಗೆ ದೀಪಗಳಿಂದ ದೂರ ಕುಳಿತು ದಕ್ಷಿಣಕ್ಕೆ ನೋಡಿದರೆ, ತ್ರಿಶಂಕುವಿನ ನಾಲ್ಕು ತಾರೆಗಳು ಶಿಲುಬೆಯಾಕಾರದಲ್ಲಿ ನೆಟ್ಟಗೆ ನಿಂತಿರುವುವು. ಬುಡದ ತಾರೆಯು ದಿಗಂತದಿಂದ ಸುಮಾರು 13 ಅಂಶ ಮೇಲಿರುವುದು. ಚಾಚಿದ ಕೈಯ ಮುಷ್ಟಿಯ ಅಗಲವು ಸುಮಾರು 10 ಅಂಶವಾದುದರಿಂದ ಮಕ್ಕಳೇ ಇದನ್ನು ಅಳೆಯಬಹುದು. ಬಳಿಕ ಉತ್ತರಕ್ಕೆ ತಿರುಗಿದರೆ ಧ್ರುವನೂ ಹೆಚ್ಚುಕಡಮೆ ಅಷ್ಟೇ ಎತ್ತರದಲ್ಲಿರುವನು. ಧ್ರುವನ ಎತ್ತರವೇ ಆ ಸ್ಥಳದ ಅಕ್ಷಾಂಶ. ಲಂಡನ್ನಿನಲ್ಲಾದರೋ ಧ್ರುವನು ಸುಮಾರು 51 ಅಂಶ ಎತ್ತರದಲ್ಲಿರುವನು. ತ್ರಿಶಂಕು ಎಂದಿಗೂ ಮೂಡದು. ಭೂಮಿಯು ಗುಂಡಗಿರುವುದನ್ನು ಕಲಿಸಲು ಇದಕ್ಕಿಂತ ಸುಲಭವಾದ ಪಾಠವುಂಟೆ? ಜೂನಿನ ಮುಗಿಲು ಕವಿಯುವ ಮುನ್ನವೇ ಮಕ್ಕಳಿಗೆ ತೋರಿಸಿರಿ.