ಬೋರ್ ಗಾಡಿಯ ನಾಲ್ಕನೇ ಕಾಲು

ಬೋರ್ ಗಾಡಿ ಹೊಲಕ್ಕೆ ಬಂತೆಂದರೆ ನೆರೆದವರ ಕಣ್ಣು ಇರುವುದು ಕೊರೆಯುವ ಬಿಟ್ ನೆಲ ಕಚ್ಚಿದ ಜಾಗದಿಂದ ಹಾರುವ ಧೂಳಿನ ಮೇಲೆ. ಧೂಳು ಒದ್ದೆಯಾಯಿತೇ, ಬಣ್ಣ ತಿರುಗಿತೇ ಎಂದು ಹೊಲದ ಮಾಲೀಕ ಮತ್ತೆ ಮತ್ತೆ ಬಗ್ಗಿ ನೋಡುತ್ತಾನೆ. ಪಾಯಿಂಟ್ ಹಾಕಿದ್ದು ತೆಂಗಿನಕಾಯಿ ಹಿಡಿದೋ ಯಂತ್ರ ಹಿಡಿದೋ ಎಂಬ ವಾದ ಬದುವಿನ ಮೇಲೆ ನಡೆದಿರುತ್ತದೆ. ಇಷ್ಟೆಲ್ಲದರ ನಡುವೆ ಆ ದೊಡ್ಡ ಲಾರಿಯನ್ನು ಎತ್ತಿ ಹಿಡಿದು ನಿಂತ ಜಾಕುಗಳತ್ತ ಯಾರೂ ತಿರುಗಿ ನೋಡುವುದಿಲ್ಲ. ಗದಗ ಜಿಲ್ಲೆಯ ಯಳವತ್ತಿ ಕಡೆಯ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲಗಳಲ್ಲಿ ನಾನಾದರೆ ಮೊದಲು ನೋಡುವುದು ಅವನ್ನೇ. ಕೆಂಪು ಮಸಾರಿ ನೆಲದಲ್ಲಿ ಸಲೀಸಾಗಿ ನಿಂತ ಗಾಡಿಯೇ ಎರಿಗೆ ಇಳಿದ ಮೇಲೆ ಬೇರೆ ಥರ ಆಡುತ್ತದೆ.

ಗಾಡಿ ಮಟ್ಟವಾಗಿ ನಿಲ್ಲದಿದ್ದರೆ ಏನಾಗುತ್ತದೆ? ಬೋರು ಹುಟ್ಟುವಾಗಲೇ ಓರೆಯಾಗುತ್ತದೆ. ರಾಡು ಇಳಿಸುವ ಕಂಬ, ಅಂದರೆ ಮಾಸ್ಟು, ಒಂದೇ ಒಂದು ಡಿಗ್ರಿ ವಾಲಿದ್ದರೂ 500 ಅಡಿ ಆಳಕ್ಕೆ ಹೋಗುವಷ್ಟರಲ್ಲಿ ಬಿಟ್ ಪಾಯಿಂಟಿನಿಂದ ಎಂಟೂ ಮುಕ್ಕಾಲು ಅಡಿ ಆಚೆ ಇರುತ್ತದೆ. ಒಂದು ಡಿಗ್ರಿ ಎಂದರೆ ಬರಿಗಣ್ಣಿಗೆ ಕಾಣದ ವಾಲು. ಓರೆಯಾದ ಬೋರು ಅಷ್ಟಕ್ಕೇ ಕೆಟ್ಟಿತೆಂದಲ್ಲ. ಆದರೆ ಅರ್ಧ ಕೊರೆದ ಮೇಲೆ ಗಾಡಿ ಕುಸಿದು ವಾಲಿದರೆ ತೂತು ನೇರವಾಗಿ ಶುರುವಾಗಿ ನಡುವೆ ಸೊಟ್ಟಗಾಗುತ್ತದೆ. ಆರೂವರೆ ಇಂಚಿನ ಆ ತೂತಿನ ಗೋಡೆಗೆ ರಾಡುಗಳು ಉಜ್ಜುತ್ತವೆ, ಮುಂದೆ ಸಬ್‌ಮರ್ಸಿಬಲ್ ಇಳಿಸುವಾಗ ಕೇಬಲ್ಲು ತರಚುತ್ತದೆ. ಗೌಂಡಿಯವರ ರಸಮಟ್ಟವೊಂದನ್ನು ಮಾಸ್ಟಿಗೆ ಒತ್ತಿ ಹಿಡಿದರೆ ಸಾಕು, ಗುಳ್ಳೆ ನಿಜ ಹೇಳುತ್ತದೆ. ತೂಗುಗುಂಡು ಬಿಟ್ಟು ನೋಡಿದರೂ ಆದೀತು.

ಲಾರಿಗೆ ಟೈರುಗಳಿವೆ, ಅವುಗಳ ಮೇಲೇ ನಿಂತು ಕೊರೆಯಬಾರದೇ ಎಂದು ಕೇಳಬಹುದು. ಟೈರು ಗಾಳಿಯ ಚೀಲ, ಅದರ ಮೇಲೆ ಪಟ್ಟಾ ಸ್ಪ್ರಿಂಗು. ಎರಡೂ ಕುಲುಕಿಗೆ ಬಗ್ಗಬೇಕೆಂದೇ ಮಾಡಿದವು. ಹ್ಯಾಮರ್ ಬಡಿಯುವಾಗ, ನೂರಾರು ಅಡಿ ರಾಡಿನ ಭಾರ ಎತ್ತುವಾಗ ಲಾರಿ ಕುಣಿಯತೊಡಗುತ್ತದೆ. ಅದಕ್ಕೇ ಜಾಕುಗಳು ಸ್ಪ್ರಿಂಗನ್ನು ಬಿಟ್ಟು ನೇರವಾಗಿ ಚಾಸಿಯನ್ನೇ ಎತ್ತಿ ಹಿಡಿಯುತ್ತವೆ.

ಜಾಕಿನ ಒಳಗೆ ಇರುವುದು ಸರಳ ಸಂಗತಿ: ಒಂದು ಸಿಲಿಂಡರು, ಅದರೊಳಗೊಂದು ಪಿಸ್ಟನ್ನು, ಮೇಲಿಂದ ಒತ್ತಡದಲ್ಲಿ ಬರುವ ಎಣ್ಣೆ. ಮುಚ್ಚಿದ ಪಾತ್ರೆಯಲ್ಲಿನ ದ್ರವಕ್ಕೆ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಅಷ್ಟೇ ಹಂಚಿಹೋಗುತ್ತದೆ ಎಂದು ಫ್ರಾನ್ಸಿನ ಪಾಸ್ಕಲ್ 17ನೇ ಶತಮಾನದಲ್ಲೇ ಹೇಳಿದ್ದ. ಅದನ್ನು ಭಾರ ಎತ್ತುವ, ಒತ್ತುವ ಕೆಲಸಕ್ಕೆ ಹಚ್ಚಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ, 1795ರಲ್ಲಿ. ಲೆಕ್ಕ ಮಾಡಿ ನೋಡಿ. ಸಿಲಿಂಡರಿನ ಒಳವ್ಯಾಸ 100 ಮಿ.ಮೀ. ಇದ್ದರೆ ಪಿಸ್ಟನ್ನಿನ ಮುಖ ಸುಮಾರು 78 ಚದರ ಸೆಂ.ಮೀ. ಪಂಪು 150 ಬಾರ್ ಒತ್ತಡ ಕೊಟ್ಟರೆ ಅದೊಂದೇ ಕಾಲು ಹತ್ತಿರ ಹತ್ತಿರ 12 ಟನ್ ಎತ್ತೀತು. ಆಪರೇಟರ್ ಇಷ್ಟಕ್ಕೆ ಎರಡು ಬೆರಳಿನಿಂದ ಲಿವರು ದೂಡಿರುತ್ತಾನೆ.

ಕೆಲವು ಗಾಡಿಗಳಿಗೆ ಮೂರು ಜಾಕು, ಕೆಲವಕ್ಕೆ ನಾಲ್ಕು. ನಾಲ್ಕಿದ್ದರೆ ಗಟ್ಟಿ ಎಂದು ತೋರುತ್ತದೆ. ರೇಖಾಗಣಿತ ಅದನ್ನು ಒಪ್ಪುವುದಿಲ್ಲ. ಹೊಲದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರೆ ಕಲ್ಲು ಎಷ್ಟೇ ಏರುಪೇರಿದ್ದರೂ ಗಡಿಗೆ ಅಲುಗುವುದಿಲ್ಲ, ನಾಲ್ಕನೆಯದನ್ನು ಇಟ್ಟ ಕೂಡಲೇ ಲಟಪಟ ಶುರು. ಮೂರು ಬಿಂದುಗಳು ಸೇರಿದರೆ ಒಂದು ಸಮತಲ ನಿರ್ಧಾರವಾಗಿಬಿಡುತ್ತದೆ, ನಾಲ್ಕನೆಯದು ಅದೇ ಸಮತಲದ ಮೇಲೆ ಬಂದು ಕೂರಬೇಕೆಂಬ ಕಟ್ಟಳೆ ಏನಿಲ್ಲ. ಹಾಗಾಗಿ ನಾಲ್ಕು ಜಾಕಿನ ಗಾಡಿಯಲ್ಲಿ ರಸಮಟ್ಟದ ಗುಳ್ಳೆ ಸರಿಯಾಗಿ ನಡುವೆ ನಿಂತಿದ್ದರೂ ಒಂದು ಕಾಲು ನೆಲಕ್ಕೆ ಸುಮ್ಮನೆ ತಾಗಿಕೊಂಡು, ಉಳಿದವು ಭಾರವೆಲ್ಲ ಹೊತ್ತಿರಬಹುದು. ಆ ಸುಮ್ಮನಿರುವ ಕಾಲನ್ನು ಜೋರಾಗಿ ಒತ್ತಿದರೋ, ಚಾಸಿ ತಿರುಚಿಕೊಳ್ಳುತ್ತದೆ. ತಿಳಿದ ಆಪರೇಟರುಗಳು ಜಾಕುಗಳನ್ನು ಜೋಡಿಯಾಗಿ ಇಳಿಸುತ್ತಾರೆ: ಮೊದಲು ಹಿಂದು ಮುಂದು ಮಟ್ಟ, ಆಮೇಲೆ ಎಡ ಬಲ, ಕೊನೆಯ ಕಾಲಿಗೆ ಭಾರ ತಗೊಳ್ಳುವಷ್ಟೇ ಒತ್ತಡ.

ಇನ್ನು ಕೆಳಗಿನ ನೆಲ. ಜಾಕಿನ ಪಾದ, ಅಂದರೆ ಉಕ್ಕಿನ ತಟ್ಟೆ, 40 ಸೆಂ.ಮೀ. ಚೌಕ ಎಂದಿಟ್ಟುಕೊಳ್ಳೋಣ. ಅದರ ಮೇಲೆ ಐದು ಟನ್ ಬಂದರೆ ಪ್ರತಿ ಚದರ ಸೆಂ.ಮೀ.ಗೆ ಮೂರು ಕೆಜಿಗಿಂತ ಹೆಚ್ಚು ಭಾರ. ಕಟ್ಟಡದ ಎಂಜಿನಿಯರುಗಳು ಒಣಗಿದ ಎರಿ ಮಣ್ಣಿನ ಮೇಲೆ ನೆಚ್ಚಿಕೊಂಡು ಹಾಕುವುದು ಅದರ ಅರ್ಧ, ಸುಮಾರು ಒಂದೂವರೆ ಕೆಜಿ. ನೆಂದ ಎರಿಗೆ ಅಷ್ಟನ್ನೂ ನಂಬುವುದಿಲ್ಲ. ಈ ಮಣ್ಣಿನ ಜೇಡಿ ಕಣಗಳು ಹಾಳೆಗಳ ಹಾಗೆ ಪದರಪದರವಾಗಿದ್ದು, ನೀರು ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಬೇಸಿಗೆಗೆ ನೀರು ಹೋದರೆ ಮಣ್ಣು ಕುಗ್ಗಿ ಕೈ ತೂರುವಷ್ಟು ಬಿರುಕು. ಏಪ್ರಿಲ್‌ನಲ್ಲಿ ಗುದ್ದಲಿ ಹಾಕಿದರೆ ಟಣ್ ಎನ್ನುವ ನೆಲ ನೋಡಿ ಇದು ಕಲ್ಲಿನಷ್ಟೇ ಗಟ್ಟಿ ಎಂದುಕೊಳ್ಳುವುದು ಸಹಜ. ಬಿರುಕಿನ ಅಂಚಿನ ಮೇಲೆ ಪಾದ ಕೂತರೆ ಆ ಹೆಂಟೆ ಪೂರ್ತಿ ಮಗ್ಗುಲಿಗೆ ಜಾರುತ್ತದೆ.

ಇದಕ್ಕೆ ಹಳೆಯ ಮದ್ದು ಹಲಗೆ. ರೈಲಿನ ಹಳೆಯ ಕಟ್ಟಿಗೆ ಸ್ಲೀಪರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. 25 ಸೆಂ.ಮೀ. ಅಗಲದ ಸ್ಲೀಪರನ್ನು 90 ಸೆಂ.ಮೀ. ತುಂಡು ಮಾಡಿ ನಾಲ್ಕನ್ನು ಒತ್ತಾಗಿ ಹಾಸಿ, ಅವುಗಳ ಮೇಲೆ ಅಡ್ಡಲಾಗಿ ಇನ್ನೊಂದು ಸಾಲು ಹಾಕಿ ಪಾದ ಇಟ್ಟರೆ, ಅದೇ ಐದು ಟನ್ ಈಗ ಚದರ ಸೆಂ.ಮೀ.ಗೆ ಅರ್ಧ ಕೆಜಿ ಚಿಲ್ಲರೆಗೆ ಇಳಿಯುತ್ತದೆ. ಅಡ್ಡ ಸಾಲು ಇಲ್ಲದಿದ್ದರೆ ಭಾರವೆಲ್ಲ ನಡುವಿನ ಎರಡು ತುಂಡಿಗೇ ಹೋಗುತ್ತದೆ, ಹಾಸಿದ್ದು ವ್ಯರ್ಥ. ಸಿಕ್ಕ ಚಪ್ಪಡಿ ಕಲ್ಲನ್ನು ತಂದು ಕೊಡುವ ಉತ್ಸಾಹಿಗಳೂ ಇರುತ್ತಾರೆ. ಕಲ್ಲು ಒತ್ತಡ ತಾಳುತ್ತದೆ, ಬಾಗುವುದನ್ನು ತಾಳುವುದಿಲ್ಲ. ಕೆಳಗೆ ಒಂದು ಕಡೆ ಮಣ್ಣು ಮೆತ್ತಗಾದರೆ ಅದು ಎರಡು ತುಂಡು.

ಗಾಡಿಗೆ ನಿಜವಾದ ಗಂಡಾಂತರ ಬರುವುದು ನೀರು ಬಿದ್ದಾಗ. ಇನ್ನೂರೋ ಮುನ್ನೂರೋ ಅಡಿಯಲ್ಲಿ ಬಂಡೆಯ ಬಿರುಕು ಸಿಕ್ಕಿ ನೀರು ಎದ್ದಿತೆನ್ನಿ, ಕಂಪ್ರೆಸರಿನ ಗಾಳಿ ಅದನ್ನು ಕಲ್ಲಪುಡಿಯ ಜೊತೆ ಮೇಲಕ್ಕೆ ಉಗಿಯುತ್ತದೆ. ಜನ ಕೇಕೆ ಹಾಕುತ್ತಾರೆ, ಗುಲಾಲೂ ಬರಬಹುದು. ಆ ನೀರು ಹರಿಯುವುದು ಎಲ್ಲಿಗೆ? ಬೋರಿಗೆ ಅತಿ ಹತ್ತಿರ ಇರುವ ಹಿಂದಿನ ಎರಡು ಜಾಕುಗಳ ಬುಡಕ್ಕೆ. ಸ್ವಲ್ಪ ಹೊತ್ತಿನ ಮುಂಚೆ ಟಣ್ ಎನ್ನುತ್ತಿದ್ದ ಎರಿ ಈಗ ರಾಡಿ. ಮೊದಲೇ ಒಂದು ಗಟಾರ ತೋಡಿ ನೀರನ್ನು ಗಾಡಿಯಿಂದ ದೂರ ತಿರುಗಿಸಿದ್ದರೆ ಆಯಿತು. ತೋಡಿರದಿದ್ದರೆ ಯಾರಾದರೊಬ್ಬರು ಕೂಗುವುದು ಕೇಳುತ್ತದೆ: “ಡ್ರೈವರ್ರ, ಹಿಂದಿನ ಜಾಕ್ ಕುಂದ್ರಾಕತ್ತೈತಿ ನೋಡ್ರಿ!”

ಇಲ್ಲಿಂದ ಪತ್ತೇದಾರಿ ಶುರು. ಜಾಕು ಕುಳಿತಿತೆಂದರೆ ಹತ್ತರಲ್ಲಿ ಒಂಬತ್ತು ಬಾಯಿಂದ ಬರುವ ಮಾತು “ಸೀಲ್ ಹೋಗೈತಿ”. ಇರಬಹುದು, ಇರಲಿಕ್ಕಿಲ್ಲ. ತೀರ್ಮಾನಕ್ಕೆ ಬೇಕಾದ ಉಪಕರಣ ಒಂದು ಸೀಮೆಸುಣ್ಣದ ತುಂಡು. ಸಿಲಿಂಡರಿನಿಂದ ಹೊರಗೆ ಇಳಿದಿರುವ ಹೊಳೆಯುವ ರಾಡು ಇದೆಯಲ್ಲ, ಅದರ ಮೇಲೆ ಸಿಲಿಂಡರಿನ ಬಾಯಿಗೆ ಸರಿಯಾಗಿ ಗೆರೆ ಎಳೆಯಿರಿ. ಅರ್ಧ ತಾಸಿನ ಮೇಲೆ ಗಾಡಿ ವಾಲಿದೆ, ಗೆರೆ ಮಾತ್ರ ಇದ್ದಲ್ಲೇ ಇದೆ ಎಂದರೆ ಜಾಕಿಗೆ ಏನೂ ಆಗಿಲ್ಲ, ನೆಲ ಕುಸಿದಿದೆ. ಗೆರೆ ಸಿಲಿಂಡರಿನೊಳಕ್ಕೆ ಹೋಗಿದ್ದರೆ ಆಗ ಎಣ್ಣೆ ಎಲ್ಲಿಗೋ ದಾರಿ ಮಾಡಿಕೊಂಡಿದೆ. ಇಷ್ಟನ್ನು ಮಾಡದೆ ಸೀಲ್ ಕಿಟ್ಟಿಗೆ ಗದಗಕ್ಕೋ ಹುಬ್ಬಳ್ಳಿಗೋ ಬೈಕು ಓಡಿಸುವುದು ಪೆಟ್ರೋಲಿಗೆ ದಂಡ.

ಎಣ್ಣೆಯೇ ಹೋಗಿದೆ ಎಂದಾದರೂ ಸೀಲಿನ ಸರದಿ ಕೊನೆಗೆ. ಒಳ್ಳೆಯ ಜಾಕಿನ ನೆತ್ತಿಯ ಮೇಲೊಂದು ಲಾಕ್ ವಾಲ್ವ್ ಇರುತ್ತದೆ. ಲಿವರು ಬಿಟ್ಟ ಕೂಡಲೇ ಎಣ್ಣೆಯ ದಾರಿ ಮುಚ್ಚುವುದು, ಹೋಸ್ ಪೈಪು ಒಡೆದರೂ ಕಾಲು ಕುಸಿಯದಂತೆ ತಡೆಯುವುದು ಅದರ ಕೆಲಸ. ಪಿಸ್ಟನ್ನಿನ ಮೇಲಿನ ಕೋಣೆ, ಕೆಳಗಿನ ಕೋಣೆ ಎರಡಕ್ಕೂ ಈ ಬೀಗ ಬಿದ್ದಿದ್ದರೆ ಒಂದು ಸೋಜಿಗವಿದೆ: ಪಿಸ್ಟನ್ನಿನ ಸೀಲು ಪೂರ್ತಿ ಹರಿದಿದ್ದರೂ ಕಾಲು ಬಹುಮಟ್ಟಿಗೆ ನಿಲ್ಲುತ್ತದೆ. ಯಾಕೆಂದರೆ ರಾಡು ಒಳಗೆ ಬರಬೇಕಾದರೆ ಅದರ ಗಾತ್ರದಷ್ಟು ಎಣ್ಣೆ ಹೊರಗೆ ಹೋಗಬೇಕು, ಹೋಗಲು ಬಾಗಿಲಿಲ್ಲ, ಎಣ್ಣೆಯನ್ನು ಹಿಂಡಿ ಚಿಕ್ಕದು ಮಾಡಲು ಹೆಚ್ಚುಕಡಿಮೆ ಆಗುವುದೇ ಇಲ್ಲ. ಅಂಥ ಜಾಕು ಕುಸಿಯುತ್ತಿದ್ದು ಹೊರಗೆಲ್ಲೂ ಎಣ್ಣೆ ಜಿನುಗದಿದ್ದರೆ ಕಳ್ಳ ಇರುವುದು ವಾಲ್ವಿನಲ್ಲಿ. ಅದರ ಪೀಠದ ಮೇಲೆ ಕೂತ ಒಂದು ಕಸದ ಕಣ ಸಾಕು. ಬಿಚ್ಚಿ ತೊಳೆದರೆ ಖರ್ಚಿಲ್ಲದೆ ಮುಗಿಯುವ ಕೆಲಸ. ಆದರೆ ಬಿಚ್ಚುವ ಮೊದಲು ಚಾಸಿಯ ಕೆಳಗೆ ದಿಮ್ಮಿ ಕೊಟ್ಟು, ಭಾರವನ್ನು ಅದರ ಮೇಲೆ ಬಿಡಬೇಕು. ಜಿನುಗುವ ಎಣ್ಣೆಯನ್ನು ಕೈ ಹಚ್ಚಿ ಹುಡುಕಬಾರದು. ಸೂಜಿಯಂಥ ತೂತಿನಿಂದ 150 ಬಾರ್‌ನಲ್ಲಿ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಬೆರಳು ಕಳೆದುಕೊಳ್ಳುವ ಸಂಗತಿ. ರಟ್ಟಿನ ತುಂಡು ಹಿಡಿದು ನೋಡಿದರಾಯಿತು.

ರಾತ್ರಿ ಕೆಲಸ ನಿಲ್ಲಿಸಿ ಬೆಳಿಗ್ಗೆ ನೋಡಿದಾಗ ಗೆರೆ ಏಳೆಂಟು ಮಿ.ಮೀ. ಒಳಗೆ ಹೋಗಿದ್ದರೆ ಗಾಬರಿ ಬೇಡ. ಎಣ್ಣೆ ಒಂದು ಡಿಗ್ರಿ ತಣ್ಣಗಾದರೆ ತನ್ನ ಗಾತ್ರದ ಹತ್ತು ಸಾವಿರದಲ್ಲಿ ಸುಮಾರು ಏಳು ಭಾಗ ಕುಗ್ಗುತ್ತದೆ. 60 ಸೆಂ.ಮೀ. ಎಣ್ಣೆಯ ಕಂಬ ನಡುಹಗಲಿಂದ ಬೆಳಗಿನ ಜಾವಕ್ಕೆ 20 ಡಿಗ್ರಿ ತಣ್ಣಗಾದರೆ ಎಂಟು ಮಿ.ಮೀ. ಬಂತಲ್ಲ. ಸೋರಿಕೆಯಲ್ಲ, ಹವಾಮಾನ.

ಒಂದೇ ಜಾಕು ಕೆಟ್ಟಿದೆಯೋ ಎಲ್ಲವೂ ಕೆಟ್ಟಿವೆಯೋ ಎಂಬುದು ಇನ್ನೊಂದು ದೊಡ್ಡ ಸುಳಿವು. ಎಲ್ಲ ಕಾಲುಗಳೂ ಮಂದವಾಗಿ ಇಳಿಯುತ್ತಿದ್ದರೆ ಒಂದೊಂದೇ ಸಿಲಿಂಡರು ಬಿಚ್ಚುತ್ತ ಕೂರುವುದು ಹುಚ್ಚುತನ. ಎಲ್ಲಕ್ಕೂ ಸಮಾನವಾದದ್ದನ್ನು ನೋಡಬೇಕು: ಟಾಕಿಯಲ್ಲಿ ಎಣ್ಣೆ ಇದೆಯೇ, ಫಿಲ್ಟರು ಕಟ್ಟಿದೆಯೇ, ಪಂಪು ಸವೆದಿದೆಯೇ, ರಿಲೀಫ್ ವಾಲ್ವ್ ಬೇಗನೇ ತೆರೆದುಕೊಳ್ಳುತ್ತಿದೆಯೇ.

ಬಿಡಿಭಾಗ ಬದಲಿಸುವ ಮೊದಲು ಕಾರಣ ಹುಡುಕಬೇಕೆಂಬ ಈ ಸೂತ್ರ ಅಮೆರಿಕದ ರಸ್ತೆಗಳಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿಗೂ ಹಾಗೇ ಅನ್ವಯಿಸುತ್ತದೆ. ಅಲ್ಲಿ ಬಿಡಾರ ಹೂಡಿದ ಕಡೆ ಗಾಡಿ ಮಟ್ಟವಾಗಿ ನಿಲ್ಲದಿದ್ದರೆ ಬಾಗಿಲು ಹಾಕಿಕೊಳ್ಳುವುದಿಲ್ಲ. ಬಹಳಷ್ಟು ಅಂಥ ಗಾಡಿಗಳಿಗೆ ಎಣ್ಣೆಯ ಬದಲು 12 ವೋಲ್ಟಿನ ಮೋಟಾರು ತಿರುಗಿಸುವ ಸ್ಕ್ರೂ ಜಾಕು. ಸ್ಕ್ರೂವಿಗೆ ಲಾಕ್ ವಾಲ್ವ್ ಬೇಡ. ಅದರ ಮರೆಯ ಇಳಿಜಾರು ತುಂಬ ಕಡಿಮೆ ಇರುವುದರಿಂದ ಮೇಲಿನ ಭಾರ ಅದನ್ನು ಹಿಂದಕ್ಕೆ ತಿರುಗಿಸಲಾರದು, ಘರ್ಷಣೆಯೇ ಬೀಗ. ಬೆಲೆ ಬೇರೆ ರೂಪದಲ್ಲಿ ಕೊಡಬೇಕು: ಹೀಗೆ ತಾನೇ ಬಿಗಿದುಕೊಳ್ಳುವ ಸ್ಕ್ರೂವಿನಲ್ಲಿ ಮೋಟಾರಿನ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಬರೀ ತಿಕ್ಕಾಟಕ್ಕೆ ಹೋಗುತ್ತದೆ. ಅದಕ್ಕೇ ಅದು ಕರೆಂಟು ಬಹಳ ಎಳೆಯುತ್ತದೆ. 30 ಆಂಪಿಯರ್ ಹರಿಯುವ ದಾರಿಯಲ್ಲಿ ತುಕ್ಕು ಹಿಡಿದ ಅರ್ತ್ ಬೋಲ್ಟು ಒಂದು ಓಮಿನ ಇಪ್ಪತ್ತನೇ ಒಂದು ಭಾಗ ತಡೆ ಒಡ್ಡಿದರೂ ಒಂದೂವರೆ ವೋಲ್ಟು ಅಲ್ಲೇ ನಷ್ಟ, 45 ವ್ಯಾಟ್ ಬಿಸಿ ಆ ಬೋಲ್ಟಿನಲ್ಲೇ. ಮೋಟಾರು ಗುಂಯ್ ಎನ್ನುತ್ತದೆ, ಕಾಲು ಅಲುಗುವುದಿಲ್ಲ. ಜನ ಹೊಸ ಮೋಟಾರು ತರಿಸುತ್ತಾರೆ. ಕರೆಂಟು ಹರಿಯುತ್ತಿರುವಾಗಲೇ ಮೋಟಾರಿನ ತುದಿಗಳಲ್ಲಿ ಮೀಟರು ಹಿಡಿದಿದ್ದರೆ, ಒಂದು ತುಂಡು ಉಪ್ಪುಕಾಗದದಿಂದ ಬೋಲ್ಟು ಉಜ್ಜಿ ಮುಗಿಸಬಹುದಿತ್ತು. ಇಳಿಯುತ್ತದೆ ಆದರೆ ಏರುವುದಿಲ್ಲ ಎಂದರೆ ಸಾಮಾನ್ಯವಾಗಿ ದೋಷ ಸ್ವಿಚ್ಚು ಇಲ್ಲವೇ ರಿಲೇಯದು, ಮೋಟಾರು ಎರಡೂ ಕಡೆಗೆ ಅದೇ ತಾನೇ. ಮೋಟಾರು ಸರಾಗ ತಿರುಗಿಯೂ ಕಾಲು ನಿಂತಲ್ಲೇ ನಿಂತರೆ ಗೇರಿನ ಪಿನ್ನು ತುಂಡಾಗಿರಬಹುದು. ಕೈಯಿಂದ ತಿರುಗಿಸುವ ಹ್ಯಾಂಡಲ್ಲು ಹಾಕಲು ಒಂದು ಕಿಂಡಿ ಬಹಳಷ್ಟು ಜಾಕುಗಳಲ್ಲಿ ಇರುತ್ತದೆ, ಹ್ಯಾಂಡಲ್ಲು ಮನೆಯಲ್ಲಿ ಬಿಟ್ಟು ಬಂದಿರುತ್ತಾರೆ.

ಮತ್ತೆ ಎರಿ ಹೊಲಕ್ಕೆ. ಕೊರೆಯುವುದು ಮುಗಿದು, ಮಾಸ್ಟು ಮಲಗಿಸಿ ಹೊರಡುವಾಗ ಕೊನೆಯ ತಕರಾರು: ಹಿಂದಿನ ಪಾದ ರಾಡಿಯಲ್ಲಿ ಹೂತು ಮೇಲೇಳುವುದಿಲ್ಲ. ಜಾಕು ಒತ್ತುವಷ್ಟು ಬಲದಿಂದ ಎಳೆಯಲಾರದು. ಎಳೆಯುವಾಗ ಎಣ್ಣೆ ಒತ್ತುವುದು ಪಿಸ್ಟನ್ನಿನ ಕೆಳಮುಖವನ್ನು, ಆ ಮುಖದ ನಡುಭಾಗವನ್ನು ರಾಡೇ ತಿಂದುಬಿಟ್ಟಿರುತ್ತದೆ. 100 ಮಿ.ಮೀ. ಸಿಲಿಂಡರಿಗೆ 70 ಮಿ.ಮೀ. ರಾಡು ಇದ್ದರೆ ಉಳಿಯುವುದು ಸುಮಾರು ಅರ್ಧ: ಒತ್ತಲು 12 ಟನ್, ಎಳೆಯಲು ಆರೇ. ಅದರ ಮೇಲೆ ಪಾದದ ಕೆಳಗೆ ಗಾಳಿ ನುಗ್ಗಲು ದಾರಿಯಿಲ್ಲದೆ ಹೊರಗಿನ ವಾಯುಭಾರ ತಟ್ಟೆಯನ್ನು ಕೆಸರಿಗೆ ಅದುಮಿರುತ್ತದೆ. ಲಾರಿಯನ್ನು ರೇಸ್ ಮಾಡಿ ಮುಂದಕ್ಕೆ ಎಳೆದರೆ ರಾಡು ಬಾಗುತ್ತದೆ, ಬಾಗಿದ ರಾಡು ಮತ್ತೆ ಸಿಲಿಂಡರಿನೊಳಗೆ ಹೋಗುವುದಿಲ್ಲ. ತಟ್ಟೆಯ ಒಂದು ಅಂಚಿನ ಕೆಳಗೆ ಹಾರೆ ತೂರಿಸಿ, ಗಾಳಿ ಪುಸ್ಸೆಂದು ಒಳಗೆ ಹೋದ ಮೇಲೆ ಲಿವರು ಎಳೆದರೆ ಪಾದ ತಾನಾಗಿ ಬಿಡುತ್ತದೆ. ಹಲಗೆಗಳನ್ನು ಆಮೇಲೆ ಕಿತ್ತರಾಯಿತು, ಅವಕ್ಕೆ ಅವಸರವಿಲ್ಲ.