ಅಕ್ಷರಜೋಡಣೆಯಲ್ಲಿ ಮ್ಯಾಕ್ರೋ

ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನು ತನ್ನ ತಂತ್ರಾಂಶಕ್ಕೆ ಕೈಪಿಡಿಯನ್ನು ಬರೆಯುತ್ತಿರುವನೆಂದು ಭಾವಿಸೋಣ. ಅದರಲ್ಲಿ ಕಡತಗಳ ಹೆಸರುಗಳು ಇನ್ನೂರು ಕಡೆ ಓರೆಯಕ್ಷರದಲ್ಲಿ ಬಂದಿವೆ. ಅವು ದಪ್ಪ ಅಕ್ಷರದಲ್ಲಿರಲೆಂದು ಗುರುಗಳು ಹೇಳಿದರೆ ಗತಿಯೇನು? ಓರೆಯಾದುದನ್ನೆಲ್ಲ ಒಮ್ಮೆಗೇ ಬದಲಿಸಹೋದರೆ, ಒತ್ತಿ ಹೇಳಲೆಂದು ಓರೆಯಾಗಿಸಿದ ಮಾತುಗಳೂ ದಪ್ಪಗಾಗುವುವು!

ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ಅವರು ತಮ್ಮ ಗ್ರಂಥದ ಕರಡಚ್ಚು ಮನಸ್ಸಿಗೆ ಒಪ್ಪದೆ, 1977ರಲ್ಲಿ 'ಟೆಕ್' ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ರೂಪಿಸತೊಡಗಿದರು. ಅದರಲ್ಲಿ ಇದಕ್ಕೆ ಉಪಾಯವುಂಟು. 'ಕಡತ' ಎಂಬ ಹೊಸ ಆಜ್ಞೆಯೊಂದನ್ನು ಮಾಡಿ, ಅದರ ರೂಪವನ್ನು ಆರಂಭದಲ್ಲಿ ಒಂದೇ ಕಡೆ ಬರೆದಿಡುವುದು. ಇದೇ ಮ್ಯಾಕ್ರೋ. ಮುಂದೆ ಆ ಒಂದು ಸಾಲನ್ನು ತಿದ್ದಿದರೆ ಇನ್ನೂರು ಹೆಸರುಗಳೂ ತಿದ್ದಲ್ಪಡುತ್ತವೆ. ಹೆಸರು ಮಾತ್ರ ಅರ್ಥವನ್ನು ಸೂಚಿಸಬೇಕು. 'ಓರೆ' ಎಂದು ಕರೆದ ಆಜ್ಞೆಯು ನಾಳೆ ದಪ್ಪ ಅಕ್ಷರವನ್ನು ಕೊಟ್ಟರೆ ನಗೆಪಾಟಲು.

ಟೆಕ್‌ನ ಮೂಲ 'ಡೆಫ್' ಆಜ್ಞೆಯು ಅದೇ ಹೆಸರಿನ ಹಳೆಯ ಆಜ್ಞೆಯನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. ಲೆಸ್ಲಿ ಲ್ಯಾಂಪೋರ್ಟ್ ಅವರ ಲೇಟೆಕ್‌ನ 'ನ್ಯೂಕಮಾಂಡ್' ಹಾಗಲ್ಲ. ಹೆಸರು ಮೊದಲೇ ಇದ್ದರೆ ತಪ್ಪೆಂದು ತಿಳಿಸುತ್ತದೆ. ಹೊಸಬರಿಗೆ ಇದೇ ಲೇಸು. ಇನ್ನೊಂದು ಕಾಟವೆಂದರೆ, ಅಕ್ಷರಗಳಿಂದಾದ ಆಜ್ಞೆಯ ಬೆನ್ನಿಗೇ ಇರುವ ತೆರಪನ್ನು ಟೆಕ್ ನುಂಗಿಬಿಡುವುದರಿಂದ ಪದಗಳು ಅಂಟಿಕೊಳ್ಳುತ್ತವೆ. ಆಜ್ಞೆಯ ಮುಂದೆ {} ಎಂದು ಬರಿಯ ಆವರಣವನ್ನಿಟ್ಟರೆ ತೆರಪು ಉಳಿಯುತ್ತದೆ.